ಹ್ಯಾಸ್ಕೆಲ್: ಸೋಮಾರಿ ಜೋಡಿ ತಿನ್ನುವ ಮೆಮೊರಿ

ಪ್ರಶ್ನೆ: ಜಾವಾ ಬಲ್ಲೆ, ಈಗ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. 1 ಕೋಟಿ ಸಂಖ್ಯೆಗಳ ಸರಾಸರಿಗಾಗಿ ಮೊತ್ತ, ಎಣಿಕೆ ಎರಡನ್ನೂ ಜೋಡಿಯಾಗಿಟ್ಟು ‘ಫೋಲ್ಡ್‌ಎಲ್’ (foldl, ಪಟ್ಟಿಯನ್ನು ಎಡದಿಂದ ಒಂದೊಂದಾಗಿ ಸೇರಿಸುತ್ತ ಹೋಗುವ ಫಂಕ್ಷನ್) ಬಳಸಿದೆ. ಹ್ಯಾಸ್ಕೆಲ್ ಕೋಡನ್ನು ಕೂಡಲೇ ಓಡಿಸಿ ನೋಡುವ ಜಿಎಚ್‌ಸಿಐಯಲ್ಲಿ (GHCi) ಮೆಮೊರಿ ಏರುತ್ತಲೇ ಹೋಯಿತು. ಅದರ ಕಟ್ಟುನಿಟ್ಟಿನ ರೂಪ ‘ಫೋಲ್ಡ್‌ಎಲ್ ಪ್ರೈಮ್’ (foldl') ಹಾಕಿದರೂ ಇಳಿಯಲಿಲ್ಲ. ಏಕೆ?

ಉತ್ತರ: ಹ್ಯಾಸ್ಕೆಲ್ ಕೇಳುವವರೆಗೆ ಲೆಕ್ಕ ಮಾಡುವುದಿಲ್ಲ, ‘ಆಮೇಲೆ ಕೂಡುತ್ತೇನೆ’ ಎಂಬ ಚೀಟಿ ಬರೆದಿಡುತ್ತದೆ. ಈ ಚೀಟಿಗೆ ಥಂಕ್ ಎಂದು ಹೆಸರು. ಫೋಲ್ಡ್‌ಎಲ್‌ನಲ್ಲಿ ಇಂಥ ಕೋಟಿ ಚೀಟಿಗಳು ಸರಪಳಿಯಾಗುತ್ತವೆ. ಪ್ರೈಮ್ ರೂಪ ಪ್ರತಿ ಹೆಜ್ಜೆಗೂ ಲೆಕ್ಕ ಮಾಡಿಸುತ್ತದೆ ನಿಜ, ಆದರೆ ಹೊರಗಿನ ಪದರದ ಮಟ್ಟಿಗೆ ಮಾತ್ರ. ಜೋಡಿಯ ಡಬ್ಬಿ ಸಿಕ್ಕಿತು ಅಂದರೆ ಅದಕ್ಕೆ ಸಾಕು. ಒಳಗಿನ ಮೊತ್ತ, ಎಣಿಕೆಗಳು ಚೀಟಿಗಳಾಗಿಯೇ ಬೆಳೆಯುತ್ತವೆ.

ಪ್ರೈಮ್ ಉಳಿಸಿಕೊಂಡು, ಅದಕ್ಕೆ ಕೊಡುವ ಫಂಕ್ಷನ್ ಪಡೆಯುವ ಜೋಡಿಯಲ್ಲಿ ಎರಡೂ ಹೆಸರುಗಳ ಮುಂದೆ ‘!’ ಹಾಕಿ. ಇದು ಬ್ಯಾಂಗ್ ಪ್ಯಾಟರ್ನ್, ಚೀಟಿ ಬಿಟ್ಟು ಕೂಡಲೇ ಲೆಕ್ಕ ಮಾಡಿಸುತ್ತದೆ. ಜೋಡಿಯ ಬದಲು ಸ್ಟ್ರಿಕ್ಟ್ (ಕೂಡಲೇ ಲೆಕ್ಕವಾಗುವ) ಫೀಲ್ಡ್‌ಗಳಿರುವ ಸ್ವಂತ ಡೇಟಾ ಟೈಪ್ ಮಾಡಿಕೊಂಡರೆ ಇನ್ನೂ ವಾಸಿ, ಒಂದು ಕಡೆ ‘!’ ಮರೆತೆ ಎಂಬ ಪೇಚು ಇರದು. ಮೊತ್ತವನ್ನು ಉದ್ದದಿಂದ ಭಾಗಿಸುವ ‘ಸುಲಭ’ದ ದಾರಿ ಬೇಡ: ಪಟ್ಟಿಯನ್ನು ಎರಡು ಸಲ ಓದಬೇಕಾದ್ದರಿಂದ ಅದಿಡೀ ಮೆಮೊರಿಯಲ್ಲೇ ಕೂರುತ್ತದೆ.

ಅಳೆಯುವುದಾದರೆ ಜಿಎಚ್‌ಸಿಐ ಬಿಟ್ಟು ‘-ಆರ್‌ಟಿಎಸ್‌ಆಪ್ಟ್ಸ್’ (-rtsopts) ಕೊಟ್ಟು ಕಂಪೈಲ್ ಮಾಡಿ, ‘+ಆರ್‌ಟಿಎಸ್ -ಎಸ್’ (+RTS -s) ಜತೆ ಓಡಿಸಿ. ‘ಮ್ಯಾಕ್ಸಿಮಮ್ ರೆಸಿಡೆನ್ಸಿ’ (ಒಮ್ಮೆಗೆ ಬಳಕೆಯಲ್ಲಿದ್ದ ಗರಿಷ್ಠ ಮೆಮೊರಿ) ಸಾಲು ನೋಡಿ. ಕೋಡ್ ಚುರುಕುಗೊಳಿಸುವ ‘-ಓ’ (ದೊಡ್ಡಕ್ಷರದ -O) ಕೊಟ್ಟರೆ ಕಂಪೈಲರೇ ಎಷ್ಟೋ ಸಲ ಈ ಸೋರಿಕೆ ಮುಚ್ಚುತ್ತದೆ. ಅದನ್ನೇ ನೆಚ್ಚಿ ಕೂರಬೇಡಿ, ಕೋಡ್ ತುಸು ಬದಲಾದರೂ ಅದು ಕೈಕೊಡಬಹುದು.