‘ಅವಳು ಹೊಂದಿಕೊಳ್ಳುತ್ತಾಳೆ’ ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಒಂಬತ್ತು ವರ್ಷದ ಅನುಭವ. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಊರಿನಿಂದ ವರ್ಷಕ್ಕೆ 54,000 ಯೂರೊ ಸಂಬಳದ ಕೆಲಸ ಬಂದಿದೆ. ನಾಲ್ಕು ವರ್ಷದ ಮಗಳು, ಹತ್ತು ತಿಂಗಳ ಮಗ, ಮನೆಯಲ್ಲಿ ಅಪ್ಪ, ಅವ್ವ. ಉತ್ತರ ಕೊಡಲು ಹದಿನೈದು ದಿನ, ಅದರಲ್ಲಿ ಆರು ಕಳೆದಿವೆ. ಹೋಗಲೋ ಬೇಡವೋ ಎಂದು ಕೇಳುತ್ತ ಸಂಬಳ, ತೆರಿಗೆ, ವೀಸಾ, ಶಾಲೆ ಎಲ್ಲವನ್ನೂ ವಿವರವಾಗಿ ಕೇಳಿದ್ದೀರಿ. ಹೆಂಡತಿಯ ಬಗ್ಗೆ ಮಾತ್ರ ಒಂದೇ ಸಾಲು: ‘ಅವಳು ಶಾಲೆಯಲ್ಲಿ ಟೀಚರ್, ಹೊಂದಿಕೊಳ್ಳುತ್ತಾಳೆ, ಆ ಚಿಂತೆಯಿಲ್ಲ.’

ಅಂಥದೇ ಒಬ್ಬ ‘ಅವಳು’ ನಾನು. 2018ರ ಮಾರ್ಚ್‌ನಲ್ಲಿ ನಮ್ಮ ಮನೆಯವರು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ಗೆ ಕೆಲಸಕ್ಕೆ ಹೋದರು. ಆಗಸ್ಟ್‌ನಲ್ಲಿ ನಾನು ಮೂರು ವರ್ಷದ ಮಗಳನ್ನೂ ಒಂಬತ್ತು ತಿಂಗಳ ಮಗನನ್ನೂ ಕರೆದುಕೊಂಡು ಹೋದೆ. ಅದಕ್ಕೂ ಮೊದಲು ಬೆಳಗಾವಿಯ ಪಾಲಿಟೆಕ್ನಿಕ್ ಒಂದರಲ್ಲಿ ಆರು ವರ್ಷ ಇಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ನನ್ನನ್ನು ಕೇಳಲಿಲ್ಲ ಎಂದಲ್ಲ. ಕೇಳಿದರು, ಸಹಿ ಹಾಕಿದ ಮೇಲೆ ಕೇಳಿದರು. ನಾಲ್ಕು ವರ್ಷ ಅಲ್ಲಿದ್ದು 2022ರ ಜುಲೈನಲ್ಲಿ ತಿರುಗಿ ಬಂದೆವು. ನೀವು ನನಗಿಂತ ಚಿಕ್ಕವರೆಂದು ತೋರುತ್ತದೆ, ಅಕ್ಕ ಹೇಳುತ್ತಿದ್ದಾಳೆ ಎಂದುಕೊಂಡು ಓದಿ.

ನನ್ನ ಉತ್ತರ: ಹೋಗಿ. ನಿಮ್ಮ ಮಕ್ಕಳ ವಯಸ್ಸು ಇದಕ್ಕಿಂತ ಅನುಕೂಲವಾಗಿ ಬರುವುದಿಲ್ಲ. ಆದರೆ ನಿಮ್ಮ ಹೆಂಡತಿ ಎಲ್ಲ ತಿಳಿದುಕೊಂಡು ತಾವಾಗಿ ‘ಹೂಂ’ ಎನ್ನುವವರೆಗೆ ಸಹಿ ಹಾಕಬೇಡಿ. ಅವರು ಏನನ್ನು ತಿಳಿದುಕೊಳ್ಳಬೇಕು ಎಂಬುದನ್ನೇ ಇಲ್ಲಿ ಹೆಚ್ಚು ಬರೆಯುತ್ತೇನೆ.

ಹಣದ ಮಾತು ಬೇಗ ಮುಗಿಸುತ್ತೇನೆ. 54,000ವನ್ನು ನೂರರಿಂದ ಗುಣಿಸಿ 54 ಲಕ್ಷ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರೆ ಇಂದೇ ತಿದ್ದಿರಿ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಎಲ್ಲ ಕಳೆದು ಕೈಗೆ ಬರುವುದು ತಿಂಗಳಿಗೆ 3,200 ಯೂರೊ ಆಸುಪಾಸು. ಅದೂ ಹೆಂಡತಿ ಅಲ್ಲಿಗೆ ಬಂದು ವಿಳಾಸ ನೋಂದಾಯಿಸಿ, ನಿಮ್ಮ ತೆರಿಗೆ ವರ್ಗ ಮೂರಕ್ಕೆ ಬದಲಾದ ಮೇಲೆ. ನೀವು ಒಬ್ಬರೇ ಇರುವಷ್ಟು ದಿನ ಒಂದನೇ ವರ್ಗ, ತಿಂಗಳಿಗೆ ಮುನ್ನೂರು ಯೂರೊಗಿಂತ ಹೆಚ್ಚೇ ಕಡಿಮೆ ಬರುತ್ತದೆ. ಮಕ್ಕಳ ಭತ್ಯೆ ಬೇರೆ: 2025ರಲ್ಲಿ ಒಂದು ಮಗುವಿಗೆ ತಿಂಗಳಿಗೆ 255 ಯೂರೊ. ನಾವು ಹೋದಾಗ 194 ಇತ್ತು. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಗಳಿಕೆಯಿಲ್ಲದ ಹೆಂಡತಿ, ಮಕ್ಕಳಿಗೆ ಬೇರೆ ಕಂತು ಇಲ್ಲ, ಶಾಲೆಗೆ ಫೀ ಇಲ್ಲ. ಇವೆರಡೂ ದೊಡ್ಡ ಸಮಾಧಾನ. ಆದರೆ ಬಾಡಿಗೆ ದುಬಾರಿ. ಮುಂಗಡವೆಂದು ಮೂರು ತಿಂಗಳ ಬಾಡಿಗೆಯವರೆಗೂ ಕೇಳಬಹುದು. ಅನೇಕ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಎಂದರೆ ಬರಿಯ ಗೋಡೆ, ಒಲೆ, ಸಿಂಕ್ ಎಲ್ಲವನ್ನೂ ನಾವೇ ಹಾಕಿಸಿಕೊಳ್ಳಬೇಕು. ಮೊದಲ ವರ್ಷ ನಾವು ಉಳಿಸಿದ್ದು ಏನೂ ಇಲ್ಲ. ಎರಡನೆಯ ವರ್ಷದಿಂದ ಕೈ ಹಿಡಿಯಿತು.

ಇನ್ನು ನಿಮ್ಮ ಹೆಂಡತಿಯ ದಿನ ಹೇಗಿರುತ್ತದೆ ಎಂದು ಕೇಳಿ. ನೀವು ಬೆಳಿಗ್ಗೆ ಏಳೂವರೆಗೆ ಹೊರಡುತ್ತೀರಿ. ನಿಮಗೆ ಸಹೋದ್ಯೋಗಿಗಳಿರುತ್ತಾರೆ, ನಿಮ್ಮ ಮಾತಿಗೆ ಬೆಲೆ ಇರುತ್ತದೆ, ಊಟದ ಹೊತ್ತಿಗೆ ಜೊತೆ ಇರುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಎಂಟು ಗಂಟೆಗೆ ಬೆಳಗಾಗುತ್ತದೆ, ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಅಷ್ಟು ಹೊತ್ತೂ ಅವರು ಇಬ್ಬರು ಮಕ್ಕಳೊಂದಿಗೆ ಮುಚ್ಚಿದ ಬಾಗಿಲಿನ ಒಳಗೆ. ಬೆಳಗಾವಿಯಲ್ಲಿ ನಮ್ಮ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಸೊಪ್ಪಿನವಳು ಕೂಗುತ್ತಾಳೆ, ಪಕ್ಕದ ಮನೆಯ ಕಾಕು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಅತ್ತೆಯವರು ಒಂದು ಗಂಟೆ ನೋಡಿಕೊಂಡರೆ ನಾವು ತಲೆಗೆ ನೀರು ಹಾಕಿಕೊಳ್ಳುತ್ತೇವೆ. ಅಲ್ಲಿ ಆ ಒಂದು ಗಂಟೆ ಇಲ್ಲ.

ನವೆಂಬರ್‌ನ ಒಂದು ಭಾನುವಾರ ಹೇಳುತ್ತೇನೆ. ಅಲ್ಲಿ ಭಾನುವಾರ ಅಂಗಡಿಗಳು ಬಂದ್, ಮನೆಯೊಳಗೂ ಸದ್ದು ಮಾಡಬಾರದೆಂಬ ನಿಯಮ. ನಾನು ಊರಿನಿಂದ ಒಯ್ದಿದ್ದ ಜೋಳದ ಹಿಟ್ಟು ಅಷ್ಟರಲ್ಲಿ ಹಳೆಯದಾಗಿ ಜಿಗಿ ಕಳೆದುಕೊಂಡಿತ್ತು. ಎಸರು ಕುದಿಸಿ ಹಾಕಿ, ಚೆನ್ನಾಗಿ ನಾದಿ, ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದೆ. ಮೂರನೆಯ ರೊಟ್ಟಿಗೆ ಬಾಗಿಲ ಗಂಟೆ ಬಾರಿಸಿತು. ಕೆಳಗಿನ ಮನೆಯ ಅಜ್ಜಿ, ಎಪ್ಪತ್ತು ದಾಟಿದವರು. ಅವರ ಮಾತು ನನಗೆ ತಿಳಿಯಲಿಲ್ಲ, ನನ್ನ ಮಾತು ಅವರಿಗೆ ತಿಳಿಯಲಿಲ್ಲ. ಭಾನುವಾರ ಗೋಡೆಗೆ ಮೊಳೆ ಹೊಡೆಯುತ್ತಿದ್ದೇವೆ ಎಂದುಕೊಂಡು ಮೇಲೆ ಬಂದಿದ್ದರು. ನಾನು ಹಿಟ್ಟು ಮೆತ್ತಿದ ಎರಡೂ ಅಂಗೈ ತೋರಿಸಿದೆ. ಒಳಗೆ ಬಂದು ಅರ್ಧ ಬಡಿದ ರೊಟ್ಟಿಯನ್ನು ನೋಡಿದರು, ಕುರ್ಚಿ ಎಳೆದುಕೊಂಡು ಕುಳಿತರು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ, ಶೇಂಗಾ ಚಟ್ನಿ ಹಾಕಿ ಕೊಟ್ಟೆ. ಅವರು ತಿನ್ನುತ್ತಿದ್ದಾಗ ನನಗೆ ಅಳು ತಡೆಯಲಾಗಲಿಲ್ಲ. ಮೂರು ತಿಂಗಳಲ್ಲಿ ನಮ್ಮ ಮನೆಯವರನ್ನು ಬಿಟ್ಟು ಆ ಮನೆಯೊಳಗೆ ಕಾಲಿಟ್ಟ ಮೊದಲ ದೊಡ್ಡ ಮನುಷ್ಯರು ಅವರು. ಆ ಅಜ್ಜಿಯೇ ಮುಂದೆ ನನಗೆ ಜರ್ಮನ್ ಮಾತನಾಡಲು ಧೈರ್ಯ ಕೊಟ್ಟರು. ಮಗನಿಗೆ ಜ್ವರ ಬಂದ ರಾತ್ರಿ ಮಗಳನ್ನು ತಮ್ಮ ಮನೆಯಲ್ಲಿ ಮಲಗಿಸಿಕೊಂಡರು. ಆದರೆ ಅವರು ಬಾಗಿಲು ತಟ್ಟುವವರೆಗಿನ ಆ ಮೂರು ತಿಂಗಳು ನನ್ನ ಬದುಕಿನ ಅತಿ ಉದ್ದದ ತಿಂಗಳುಗಳು. ನಮ್ಮ ಮನೆಯವರು ಕೆಟ್ಟವರಲ್ಲ. ಸಂಜೆ ಬಂದವರೇ ಪಾತ್ರೆ ತಿಕ್ಕುತ್ತಿದ್ದರು, ಮಗನನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದರು. ನನಗೆ ಬೇಕಿದ್ದದ್ದು ಹಗಲು.

ನಿಮ್ಮ ಹೆಂಡತಿಯ ಕೆಲಸದ ವಿಷಯ ಇನ್ನೂ ಗಟ್ಟಿ ಮಾತು. ನಿಮ್ಮ ಬಿ.ಇ. ಪದವಿಗೂ ಈ ಸಂಬಳಕ್ಕೂ ಬ್ಲೂ ಕಾರ್ಡ್ (ಓದಿದ ವಿದೇಶಿಯರಿಗೆ ಅಲ್ಲಿ ಇದ್ದು ಕೆಲಸ ಮಾಡಲು ಕೊಡುವ ಪರವಾನಗಿ) ಸಿಗುವ ಸಾಧ್ಯತೆ ಚೆನ್ನಾಗಿದೆ. 2025ರಲ್ಲಿ ಅದಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 48,300 ಯೂರೊ. ಬ್ಲೂ ಕಾರ್ಡ್ ಇದ್ದವರ ಹೆಂಡತಿ ಮೊದಲೇ ಜರ್ಮನ್ ಪರೀಕ್ಷೆ ಪಾಸಾಗಿರಬೇಕಿಲ್ಲ, ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕೂ ಇರುತ್ತದೆ. ಇದನ್ನು ಓದಿ ಎಲ್ಲರೂ ‘ಅವಳಿಗೂ ಅಲ್ಲಿ ಕೆಲಸ ಸಿಗುತ್ತದೆ’ ಎನ್ನುತ್ತಾರೆ. ಹಕ್ಕು ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಇಲ್ಲಿಯ ಡಿ.ಇಡಿ., ಬಿ.ಇಡಿ. ಹಿಡಿದು ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಲು ಬಹಳ ಮೇಲಿನ ಮಟ್ಟದ ಜರ್ಮನ್ ಬೇಕು, ಅದರ ಮೇಲೆ ಪದವಿಯ ಮಾನ್ಯತೆಯ ವರ್ಷಗಳ ದಾರಿ. ಹತ್ತು ತಿಂಗಳ ಮಗುವನ್ನು ಮಡಿಲಲ್ಲಿಟ್ಟುಕೊಂಡು ಇದನ್ನು ಎರಡು ವರ್ಷದಲ್ಲಿ ಮಾಡುವುದು ನನಗೆ ಗೊತ್ತಿರುವ ಯಾರಿಂದಲೂ ಆಗಿಲ್ಲ. ನಾನು ಇಂಜಿನಿಯರ್ ಆಗಿಯೂ ಮೂರನೆಯ ವರ್ಷದಲ್ಲಿ ಜರ್ಮನ್‌ನ ಬಿ1, ಅಂದರೆ ನಡುವಿನ ಮಟ್ಟ ಮುಗಿಸಿದೆ, ನಾಲ್ಕನೆಯ ವರ್ಷದಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಅರ್ಧ ದಿನದ ಪರೀಕ್ಷಾ ವಿಭಾಗದ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಆ ಅಜ್ಜಿಗೆ ಸ್ವೆಟರ್ ಕೊಡಿಸಿದೆ.

ಆದ್ದರಿಂದ ನಿಮ್ಮ ಹೆಂಡತಿಗೆ ಮೂರು ವರ್ಷ ಶಾಲೆಯಿಲ್ಲ ಎಂಬುದನ್ನು ನೀವೇ ಬಾಯಿಬಿಟ್ಟು ಹೇಳಿ. ಹೇಳಿದ ಮೇಲೆ ಅವರ ಮುಖ ನೋಡಿ. ಈಗಿನ ಶಾಲೆಯವರು ದೀರ್ಘ ರಜೆ ಕೊಡುತ್ತಾರೆಯೇ ಎಂದು ಬರಹದಲ್ಲಿ ಕೇಳಲಿ. ಜರ್ಮನ್ ಕಲಿಕೆಯನ್ನು ಇಂದಿನಿಂದಲೇ ಶುರುಮಾಡಲಿ, ಆ ಹೊತ್ತಿನಲ್ಲಿ ಮಗುವನ್ನು ನೀವು ಹಿಡಿಯಿರಿ. ಅಲ್ಲಿಗೆ ಹೋದ ಮೇಲೆ 600 ಗಂಟೆಯ ಭಾಷಾ ಪಾಠ, 100 ಗಂಟೆಯ ದೇಶಪರಿಚಯ ಇರುವ ಸರ್ಕಾರಿ ಕೋರ್ಸ್ ಇದೆ. ಅದಕ್ಕೆ ಸೇರಲು ಮಗುವಿಗೆ ಶಿಶುವಿಹಾರ ಸಿಗಬೇಕು, ತೊಡಕಿರುವುದು ಅಲ್ಲಿಯೇ.

ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದಲ್ಲಿ ಜಾಗ ಕೊಡಬೇಕೆಂಬ ಕಾನೂನು ಅಲ್ಲಿ 2013ರ ಆಗಸ್ಟ್‌ನಿಂದ ಇದೆ. ಜಾಗ ಮಾತ್ರ ಸಾಕಷ್ಟಿಲ್ಲ. ನಮ್ಮ ಮಗಳಿಗೆ ಆರು ತಿಂಗಳು ಕಾದೆವು. ಮನೆ ಸಿಕ್ಕಿ ವಿಳಾಸ ಗಟ್ಟಿಯಾದ ದಿನವೇ ನೀವು ಅರ್ಜಿ ಹಾಕಿ, ಕುಟುಂಬ ಬರುವವರೆಗೆ ಕಾಯಬೇಡಿ. ಮೊದಲ ದಿನಗಳಲ್ಲಿ ತಾಯಿಯೋ ತಂದೆಯೋ ಜೊತೆಗೆ ಕೂರಬೇಕು. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ನಮ್ಮನ್ನು ಹೊರಗೆ ಕಳಿಸುತ್ತಾರೆ. ಮಗುವನ್ನು ಅಳುತ್ತಿರುವಾಗಲೇ ಎಳೆದುಕೊಂಡು ಬಾಗಿಲು ಹಾಕುವ ಪದ್ಧತಿ ಇಲ್ಲ. ಅದನ್ನು ನೋಡಿ ನನಗೆ ಬಹಳ ಗೌರವ ಬಂತು. ಮಳೆ ಬಂದರೂ ಮಕ್ಕಳು ಅಂಗಳದಲ್ಲೇ. ರಬ್ಬರ್ ಬೂಟು, ಎದೆಯವರೆಗೆ ಬರುವ ಮಳೆ ಪ್ಯಾಂಟು ತೊಡಿಸಿ ಕೆಸರಿಗೆ ಬಿಡುತ್ತಾರೆ. ಬೆಳಗಾವಿಯ ಜಡಿಮಳೆಯಲ್ಲಿ ‘ಒಳಗೆ ಬಾ, ನೆಗಡಿಯಾಗುತ್ತದೆ’ ಎಂದು ಕೂಗುತ್ತಿದ್ದ ನಾನು, ಅಲ್ಲಿ ಬೇಲಿಯ ಆಚೆ ನಿಂತು ಮಗಳು ಕೆಸರಿನಲ್ಲಿ ಕುಣಿಯುವುದನ್ನು ನೋಡಿದೆ.

ಮಗಳು ನಾಲ್ಕು ತಿಂಗಳು ಅಲ್ಲಿ ಬಾಯಿ ಬಿಡಲಿಲ್ಲ. ನಾನು ಹೆದರಿದೆ, ಶಿಕ್ಷಕಿ ಹೆದರಲಿಲ್ಲ. ‘ಅವಳು ಕೇಳಿಸಿಕೊಳ್ಳುತ್ತಿದ್ದಾಳೆ’ ಎಂದರು. ಜೂನ್‌ನ ಒಂದು ಸಂಜೆ ಅಡುಗೆಮನೆಯಲ್ಲಿ ಚಮಚಗಳನ್ನು ಸಾಲಾಗಿ ಕೂರಿಸಿ, ಕೈ ತೊಳೆಯದ ಚಮಚವನ್ನು ಜರ್ಮನ್‌ನಲ್ಲಿ ಗದರಿಸುತ್ತಿದ್ದಳು. ನಿಮ್ಮ ಮಗಳಿಗೂ ಹಾಗೆಯೇ ಬರುತ್ತದೆ, ನಾಲ್ಕು ವರ್ಷಕ್ಕೆ ಅದು ಕಷ್ಟವಲ್ಲ. ಕನ್ನಡ ಉಳಿಸುವುದು ನಿಮ್ಮ ಕೆಲಸ. ಮನೆಯೊಳಗೆ ಕನ್ನಡ ಬಿಟ್ಟು ಬೇರೆ ಮಾತನಾಡಬೇಡಿ, ಬರೆಯಲು ಅಲ್ಲಿಯೇ ಕಲಿಸಿ. ನಾವು ಮಾತು ಉಳಿಸಿದೆವು, ಅಕ್ಷರ ಬಿಟ್ಟೆವು. ಏಳು ವರ್ಷದವಳು ಇಲ್ಲಿ ಎರಡನೆಯ ತರಗತಿಯಲ್ಲಿ ಕುಳಿತು ‘ಅ, ಆ’ ತಿದ್ದುವಾಗ ಅವಳಿಗಾದ ನಾಚಿಕೆ ನನ್ನ ತಪ್ಪಿನಿಂದ ಬಂದದ್ದು.

ನಿಮ್ಮ ಅಪ್ಪ, ಅವ್ವ ‘ನಮ್ಮ ಚಿಂತೆ ಬಿಡು, ಹೋಗು’ ಎಂದಿದ್ದಾರೆ ಎಂದು ಬರೆದಿದ್ದೀರಿ. ಎಲ್ಲ ತಂದೆ ತಾಯಿಯೂ ಹಾಗೆಯೇ ಹೇಳುತ್ತಾರೆ, ಆಮೇಲೆ ಕಾಯಿಲೆ ಮುಚ್ಚಿಡುತ್ತಾರೆ. 2019ರಲ್ಲಿ ಅತ್ತೆಯವರು ವಿಡಿಯೊ ಕರೆಯಲ್ಲಿ ಒಂದು ತಿಂಗಳು ಅರ್ಧ ಮುಖ ಮಾತ್ರ ತೋರಿಸಿದರು. ಮೊಬೈಲ್ ಹಿಡಿಯಲು ಬರುವುದಿಲ್ಲವೆಂದು ನಾವು ನಕ್ಕೆವು. ಒಂದು ದಿನ ಫೋನ್ ಜಾರಿದಾಗ ಮಗಳು ‘ಆಯಿಯ ಕೈ ಬೆಳ್ಳಗಿದೆ’ ಎಂದಳು. ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ನಮ್ಮ ಮನೆಯವರು ಅಂದು ಊಟ ಮಾಡಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಕೊರೊನಾ ಬಂದು ಭಾರತಕ್ಕೆ ವಿಮಾನಗಳೇ ನಿಂತಾಗ, ಏನಾದರೂ ಆದರೂ ತಲುಪಲಾರೆವು ಎಂಬ ಭಯದಲ್ಲಿ ತಿಂಗಳುಗಟ್ಟಲೆ ಫೋನ್ ತಲೆದಿಂಬಿನ ಕೆಳಗಿಟ್ಟು ಮಲಗಿದೆವು. ನೀವು ಹೋಗುವ ಮೊದಲು ನಿಮ್ಮ ಓಣಿಯಲ್ಲಿ ಒಬ್ಬರನ್ನು ಗೊತ್ತುಮಾಡಿ, ಅಕ್ಕನೋ ಗೆಳೆಯನೋ, ಅಪ್ಪ ಅವ್ವ ಬೇಡವೆಂದರೂ ನಿಮಗೆ ನಿಜ ಹೇಳುವವರು. ಇಬ್ಬರ ಹೆಸರಿನಲ್ಲೂ ಆರೋಗ್ಯ ವಿಮೆ ಮಾಡಿಸಿ, ಕಾರ್ಡು ಎಲ್ಲಿದೆ ಎಂದು ಆ ವ್ಯಕ್ತಿಗೆ ತೋರಿಸಿ.

ಕಾಗದಪತ್ರದಲ್ಲಿ ಒಂದು ಎಚ್ಚರಿಕೆ. ನಮ್ಮ ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಳಗಾವಿ ಆಯಿತು. ನನ್ನ ಪಾಸ್‌ಪೋರ್ಟ್‌ನಲ್ಲಿ ‘ಬೆಲ್ಗಾಮ್’, ಮಗಳ ಜನನ ಪ್ರಮಾಣಪತ್ರದಲ್ಲಿ ‘ಬೆಳಗಾವಿ’. ಇವು ಎರಡು ಊರಲ್ಲ ಎಂದು ತಿಳಿಸಿ ಹೇಳಲು ಒಂದು ಮಧ್ಯಾಹ್ನ ಹೋಯಿತು. ಅಡ್ಡಹೆಸರಿನ ಅಕ್ಷರಗಳೂ ಎಲ್ಲ ಕಾಗದದಲ್ಲಿ ಒಂದೇ ಇರಲಿ. ಇಲ್ಲಿ ಒಂದು ದಿನದಲ್ಲಿ ತಿದ್ದಿಸಬಹುದಾದದ್ದು ಅಲ್ಲಿ ಕುಳಿತು ತಿದ್ದಿಸಲು ತಿಂಗಳುಗಳು ಬೇಕು.

ಮೊದಲ ಆರು ತಿಂಗಳು ಸಾಮಾನ್ಯವಾಗಿ ಪರೀಕ್ಷಾರ್ಥ ಅವಧಿ, ಆಗ ಎರಡು ವಾರದ ನೋಟಿಸ್ ಕೊಟ್ಟು ಬಿಡಿಸಬಹುದು. ಅದಕ್ಕೆ ನೀವು ಮುಂದೆ ಹೋಗಿ, ಕುಟುಂಬ ನಾಲ್ಕೈದು ತಿಂಗಳ ನಂತರ ಬರಲಿ. ಬರುವ ತಿಂಗಳು ಏಪ್ರಿಲ್ ಅಥವಾ ಮೇ ಆಗಿರಲಿ. ನಾನು ಆಗಸ್ಟ್‌ನಲ್ಲಿ ಹೋಗಿ ನೇರ ಚಳಿಗಾಲಕ್ಕೆ ಬಿದ್ದೆ. ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು, ಆಟದ ಅಂಗಳದ ತುಂಬ ತಾಯಂದಿರು. ಪರಿಚಯವಾಗುವುದು ಆಗಲೇ.

ತಿರುಗಿ ಬರುವುದರ ಬಗ್ಗೆ ಇಬ್ಬರೂ ಈಗಲೇ ಒಂದು ವರ್ಷ ಗುರುತಿಸಿ, ಬರೆದಿಡಿ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ನಾಲ್ಕನೆಯ ತರಗತಿ ಮುಗಿದ ಮೇಲೆ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗೆ ಹಂಚಿಹೋಗುತ್ತಾರೆ. ಅದಕ್ಕೂ ಮೊದಲು ಇರುವುದೋ ಬರುವುದೋ ಎಂದು ತೀರ್ಮಾನಿಸಿ. ಐದು ವರ್ಷ ಕಂತು ತುಂಬಿದರೆ ಅಲ್ಲಿಯ ಪಿಂಚಣಿಯ ಹಕ್ಕು ಬರುತ್ತದೆ. 2017ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಜರ್ಮನಿ ಒಪ್ಪಂದದಂತೆ ಅದು ಇಲ್ಲಿಗೂ ಬರುತ್ತದೆ. ನಾವು ಐದು ತುಂಬುವ ಮೊದಲೇ ಹೊರಟೆವು, ಮಗಳಿಗೆ ಅಜ್ಜ, ಆಯಿ ಬೇಕಿದ್ದರು. 2022ರ ನವೆಂಬರ್ 1ರ ರಾತ್ರಿ ಚೆನ್ನಮ್ಮ ವೃತ್ತದಲ್ಲಿ ಅಜ್ಜನ ಹೆಗಲೇರಿ ರಾಜ್ಯೋತ್ಸವದ ಮೆರವಣಿಗೆ ನೋಡುತ್ತ ಕುಳಿತ ಮಗ ಅಲ್ಲೇ ನಿದ್ದೆ ಹೋದ. ನಾನು ಪುನಃ ಕಲಿಸುವ ಕೆಲಸಕ್ಕೆ ಸೇರಿದ್ದೇನೆ, ಸಂಬಳ ಹೊಸಬರದ್ದು.

ಕಂಪನಿಯವರಿಗೆ ಇಂದೇ ಪತ್ರ ಬರೆದು ಇನ್ನೆರಡು ವಾರ ಕೇಳಿ. ಹೆಂಡತಿಯೊಡನೆ ಚರ್ಚಿಸಬೇಕೆಂದೇ ಬರೆಯಿರಿ, ಅಲ್ಲಿ ಅದು ಸಣ್ಣತನ ಎನಿಸುವುದಿಲ್ಲ. ಈ ಉತ್ತರವನ್ನು ಅವರಿಗೂ ಓದಲು ಕೊಡಿ, ಅವರ ಪ್ರಶ್ನೆಗಳನ್ನು ಅವರೇ ಇಲ್ಲಿ ಬರೆಯಲಿ, ಎಷ್ಟಿದ್ದರೂ ಉತ್ತರಿಸುತ್ತೇನೆ. ಹೊರಡುವುದಾದರೆ ರೊಟ್ಟಿಯ ಹಂಚು ಇಲ್ಲಿಂದಲೇ ಒಯ್ಯಲಿ, ಆದರೆ ತಳ ಚಪ್ಪಟೆಯಾಗಿರುವುದನ್ನೇ ಆರಿಸಲಿ. ಅಲ್ಲಿಯ ಗಾಜಿನ ಒಲೆಯ ಮೇಲೆ ತಗ್ಗು ಹಂಚು ಕಾಯುವುದಿಲ್ಲ.