ದೇಶದೇಶಗಳ ಅರಣ್ಯದ ಲೆಕ್ಕಗಳು ಏಕೆ ತಾಳೆಯಾಗುವುದಿಲ್ಲ, ಅವನ್ನು ಹೊಂದಿಸುವುದು ಹೇಗೆ?

ತಾಳೆಯಾಗದಿರಲು ಮುಖ್ಯ ಕಾರಣ ಅಳತೆಯ ತಪ್ಪಲ್ಲ, ‘ಕಾಡು’ ಎಂಬ ಪದಕ್ಕೆ ಒಬ್ಬೊಬ್ಬರು ಕೊಟ್ಟುಕೊಂಡಿರುವ ಅರ್ಥ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕನ್ನೇ ನೋಡಿ: ಅಲ್ಲಿ ಭೀಮಗಡದ ದಟ್ಟ ಕಾಡೂ ಇದೆ, ರೈತರ ಗೋಡಂಬಿ ತೋಟಗಳೂ ಇವೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಕನಿಷ್ಠ 1 ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ವಿಸ್ತಾರವಿದ್ದು ಶೇ. 10ರಷ್ಟಾದರೂ ಮರಗಳ ಹೊದಿಕೆಯಿರುವ ಜಾಗವನ್ನು, ಒಡೆತನ ಯಾರದೆಂದು ನೋಡದೆ, ಅರಣ್ಯ ಹೊದಿಕೆಯೆಂದೇ ಎಣಿಸುವುದರಿಂದ ಅಂತಹ ತೋಟವೂ ಲೆಕ್ಕಕ್ಕೆ ಸೇರಬಹುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯೆಯಲ್ಲಿ ವಿಸ್ತಾರದ ಮಿತಿ ಅರ್ಧ ಹೆಕ್ಟೇರ್, ಮರದ ಎತ್ತರ 5 ಮೀಟರ್, ಹೊದಿಕೆ ಶೇ. 10, ಆದರೆ ಹಣ್ಣಿನ ತೋಟಗಳು ಅದರಿಂದ ಹೊರಗೆ. ಹೀಗಾಗಿ ಒಂದೇ ಉಪಗ್ರಹ ಚಿತ್ರದಿಂದಲೂ ಎರಡು ಉತ್ತರಗಳು ಹೊರಡುತ್ತವೆ.

ಕಾಡಿನಲ್ಲಿರುವ ಮರದ ಪ್ರಮಾಣವನ್ನು ಅಂದಾಜಿಸಲು ಕಾಂಡದ ದಪ್ಪವನ್ನು ನೆಲದಿಂದ ಎಷ್ಟು ಎತ್ತರದಲ್ಲಿ ಅಳೆಯುತ್ತಾರೆ ಎಂಬುದೂ ಎಲ್ಲೆಡೆ ಒಂದೇ ಅಲ್ಲ: ಯುರೋಪಿನಲ್ಲಿ ಸಾಮಾನ್ಯವಾಗಿ 1.3 ಮೀಟರ್, ನಮ್ಮಲ್ಲಿ 1.37 ಮೀಟರ್.

ಹೊಂದಿಸುವುದೆಂದರೆ ಎಲ್ಲರ ಮೇಲೂ ಒಂದೇ ನಿಯಮ ಹೇರುವುದಲ್ಲ. ಹಾಗೆ ಮಾಡಿದರೆ ಪ್ರತಿ ದೇಶದ ಹಳೆಯ ದಾಖಲೆಗಳ ಸರಣಿಯೇ ಕಡಿದುಹೋಗುತ್ತದೆ. ದೇಶದ ವ್ಯಾಖ್ಯೆಯನ್ನು ಹಾಗೇ ಇಟ್ಟುಕೊಂಡು, ಮಾದರಿ ತಾಕುಗಳ (ಗಣತಿಗಾಗಿ ಆರಿಸಿಕೊಂಡ ಸಣ್ಣ ಜಾಗಗಳ) ಮೂಲ ಅಳತೆಗಳನ್ನು ಜೋಪಾನ ಮಾಡಿ, ಅವುಗಳಿಂದ ಎಲ್ಲ ದೇಶಗಳಿಗೂ ಸಮಾನವಾದ ವ್ಯಾಖ್ಯೆಗೆ ತಕ್ಕ ಮತ್ತೊಂದು ಲೆಕ್ಕವನ್ನೂ ತೆಗೆಯಬೇಕು. ಯುರೋಪಿನ ದೇಶಗಳು ತಮ್ಮ ಅರಣ್ಯ ಗಣತಿಗಳ ನಡುವೆ ಇಂತಹ ‘ಸೇತುವೆ’ ಲೆಕ್ಕಗಳನ್ನು ರೂಪಿಸಿಕೊಂಡಿವೆ.

ನೀತಿ ರೂಪಿಸುವವರಿಗೆ, ನನ್ನ ದೃಷ್ಟಿಯಲ್ಲಿ, ಒಟ್ಟು ಮೊತ್ತಕ್ಕಿಂತ ನೈಸರ್ಗಿಕ ಕಾಡು ಮತ್ತು ನೆಡುತೋಪುಗಳನ್ನು ಬೇರೆಬೇರೆಯಾಗಿ ತೋರಿಸುವುದೇ ಹೆಚ್ಚು ಉಪಯುಕ್ತ, ಏಕೆಂದರೆ ಹಳೆಯ ಕಾಡು ಅಳಿದು ಅಷ್ಟೇ ವಿಸ್ತಾರದ ನೀಲಗಿರಿ ಬೆಳೆದರೂ ಮೊತ್ತದಲ್ಲಿ ಅದು ಕಾಣುವುದಿಲ್ಲ.