‘ತಂದೆಯೇ’ ಅಂದ ಕೂಡಲೇ ಎದೆ ಬಿಗಿಯುತ್ತಿತ್ತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ ಮೂವತ್ತರ ಆಸುಪಾಸು. ಕ್ರೈಸ್ತ ಕುಟುಂಬದಲ್ಲೇ ಹುಟ್ಟಿ ಬೆಳೆದವರು. ನನ್ನ ಬಳಿ ಸಲಹೆಗೆ ಬಂದಿದ್ದು ನಿದ್ದೆ ಬರುವುದಿಲ್ಲ ಅಂತ. ಮಾತಾಡುತ್ತಾ ಗೊತ್ತಾಯಿತು, ನಿದ್ದೆ ಹಾರಿಹೋಗುವುದು ರಾತ್ರಿ ಪ್ರಾರ್ಥನೆ ಮುಗಿಸಿದ ಮೇಲೆ.

“ಮೇಡಂ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರು ಮಾಡ್ತೀನಿ. ಅಲ್ಲೇ ಎದೆ ಬಿಗಿಯುತ್ತೆ. ಆಮೇಲೆ ಬರೀ ಕ್ಷಮಿಸು, ಕ್ಷಮಿಸು ಅನ್ನೋದೇ.”

ಹೇಗೆ ಪ್ರಾರ್ಥಿಸುತ್ತೀರೋ ಹಾಗೇ ಇಲ್ಲೂ ಮಾಡಿ ಎಂದೆ. ಎದ್ದು ನಿಂತು ಕಣ್ಣು ಮುಚ್ಚಿದರು. ಎರಡೂ ಕೈ ಬೆನ್ನ ಹಿಂದೆ ಹೋದವು. ಆ ದಿನದ ತಪ್ಪುಗಳೆಲ್ಲ ಒಂದೇ ಉಸಿರಿಗೆ ಬಂದವು. ಕೈ ಯಾಕೆ ಹಿಂದೆ ಹೋಯಿತು ಎಂದು ಕೇಳಿದರೆ ಅವರಿಗೇ ಆಶ್ಚರ್ಯ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: ಅಪ್ಪ ಮಾರ್ಕ್ಸ್ ಕಾರ್ಡ್ ನೋಡುವಾಗ ತಾವು ಹಾಗೇ ನಿಲ್ಲುತ್ತಿದ್ದರಂತೆ. ಕೈ ಮುಂದಿದ್ದರೆ ಏಟು ಬೀಳುತ್ತಿತ್ತು.

ಅವರ ಸಭೆಯ (ಚರ್ಚಿನ) ಹಿರಿಯರೊಬ್ಬರು ಇದಕ್ಕೆ ‘ನಂಬಿಕೆ ಸಾಲದು’ ಅಂದಿದ್ದರು. ನನಗೆ ಹಾಗನ್ನಿಸಲಿಲ್ಲ. ನಂಬಿಕೆ ಇಲ್ಲದವರು ಹೆದರುವುದಾದರೂ ಯಾರಿಗೆ? ಆಕೆ ಮಾತಾಡುತ್ತಿದ್ದುದು ದೇವರ ಜೊತೆ, ಕಾಣುತ್ತಿದ್ದುದು ಅಪ್ಪನ ಮುಖ. ಅಷ್ಟೇ.

ಮೊದಲು ಹೇಳಿದ್ದು, ‘ತಂದೆ’ ಎನ್ನುವುದನ್ನು ಸದ್ಯಕ್ಕೆ ಬಿಟ್ಟುಬಿಡಿ ಅಂತ. ಆಕೆಗೆ ಗಾಬರಿ. ಬೈಬಲ್ಲೇ ದೇವರ ಒಂದೇ ಚಿತ್ರಕ್ಕೆ ಅಂಟಿಕೊಂಡಿಲ್ಲ ಅಲ್ವಾ ಎಂದೆ. ಯೆಶಾಯ 66:13ರಲ್ಲಿ ದೇವರು ತಾಯಿಯಂತೆ ಸಂತೈಸುತ್ತೇನೆ ಅನ್ನುತ್ತಾನೆ. 131ನೇ ಕೀರ್ತನೆಯಲ್ಲಿ ಮೊಲೆ ಬಿಡಿಸಿದ ಮಗು ತಾಯಿಯ ಹತ್ತಿರ ಸುಮ್ನೆ ಇದೆ, ಏನೂ ಕೇಳುತ್ತಿಲ್ಲ. ಮೂರೇ ವಚನ. ಮಲಗುವ ಮುಂಚೆ ಅದನ್ನೇ ಓದಿ, ಕೂತುಕೊಂಡು, ಕೈ ತೊಡೆಯ ಮೇಲಿಟ್ಟು ಎಂದೆ.

ಆಮೇಲೆ ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯ ತೆಗೆದೆವು. ಅಪ್ಪನಿಂದ ಪಡೆದ ಆಸ್ತಿ ಹಾಳುಮಾಡಿ ಮನೆಗೆ ಮರಳುವ, ತಪ್ಪಿಹೋದ ಮಗನ ಕಥೆ ಆಕೆಗೆ ಬಾಯಿಪಾಠ. ಆದರೂ 18-19ನೇ ವಚನಗಳನ್ನೂ 21ನೇ ವಚನವನ್ನೂ ಜೊತೆಗಿಟ್ಟು ಓದಲು ಹೇಳಿದೆ. ಮಗ ದಾರಿ ಹಿಡಿಯುವ ಮುಂಚೆಯೇ ಮಾತು ಸಿದ್ಧಮಾಡಿಕೊಂಡಿದ್ದಾನೆ: ಪಾಪ ಮಾಡಿದೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ. ಅಪ್ಪನ ಎದುರು ಮೊದಲೆರಡು ಹೇಳುತ್ತಾನೆ. ಕೂಲಿಯಾಳಿನ ಮಾತು ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಅಂಗಿ, ಉಂಗುರ, ಕೆರ ತರಿಸುತ್ತಿದ್ದಾನೆ. ಓಡಿಬಂದು ತಬ್ಬಿಕೊಂಡಿದ್ದಂತೂ ಮಗ ಬಾಯಿ ತೆರೆಯುವ ಮೊದಲೇ.

ಆಕೆ ಆ ವಚನಗಳ ಮಧ್ಯೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತರು. “ನಾನು ದಿನಾ ಆ ಕೊನೇ ಸಾಲನ್ನೇ ಹೇಳ್ತಿದ್ದೆ” ಅಂದರು.

ಪಾಪದ ಅರಿಕೆ (ತಪ್ಪೊಪ್ಪಿಗೆ) ಬೇಡ ಅಂತ ನಾನು ಹೇಳಲಿಲ್ಲ. ಅದರಿಂದ ಶುರು ಮಾಡಬೇಡಿ ಎಂದೆ. ಮೊದಲು ಆ ದಿನ ನಡೆದ ಒಂದು ವಿಷಯ ಹೇಳಿ. ಖುಷಿಯೋ ಸಿಟ್ಟೋ, ಯಾವುದಾದರೂ ಸರಿ. ಸಿಟ್ಟು ತೋರಿಸಲು ಭಯವಾದರೆ 13ನೇ ಕೀರ್ತನೆ ಇದೆ. ಶುರುವಾಗುವುದೇ ‘ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ’ ಎಂಬ ದೂರಿನಿಂದ. ಅಪ್ಪನನ್ನು ಈಗಲೇ ಕ್ಷಮಿಸಬೇಕು ಅಂತ ಯಾರಾದರೂ ಒತ್ತಾಯಿಸಿದರೆ, ಸಮಯ ಬೇಕು ಎಂದು ಹೇಳಲು ಅವರಿಗೆ ಹಕ್ಕಿದೆ. ಏಟಿನ ನೆನಪು ಕನಸಲ್ಲೂ ಬರುತ್ತಿದ್ದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ. ಪ್ರಾರ್ಥನೆ ಮತ್ತು ಚಿಕಿತ್ಸೆ ಎರಡೂ ಒಟ್ಟಿಗೆ ನಡೆಯಬಹುದು.

ಈಗ ನಿದ್ದೆ ಮೊದಲಿಗಿಂತ ಪರವಾಗಿಲ್ಲ. ಸಭೆಯಲ್ಲಿ ಎಲ್ಲರೂ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುವಾಗುವ ಕರ್ತನ ಪ್ರಾರ್ಥನೆ ಹೇಳುವಾಗ ಮೊದಲ ಸಾಲಿಗೆ ಇನ್ನೂ ಸುಮ್ಮನಿರುತ್ತಾರೆ, ಎರಡನೆಯದರಿಂದ ದನಿ ಸೇರಿಸುತ್ತಾರೆ. ಸದ್ಯಕ್ಕೆ ಹಾಗೇ ಇರಲಿ ಎಂದಿದ್ದೇನೆ.